ಬೀಗದ ಬಗ್ಗೆ ಎರಡು ಮಾತು, ಮುನ್ನೂರ ಹದಿನೆಂಟು ಸಲ

ನಮ್ಮ ಮಾವ ತಾವೇ ಮಾಡಿದ ಬೀಗದ ಹಿಂದೆ ಸಿಕ್ಕಿಹಾಕಿಕೊಂಡದ್ದು ಒಂದು ಸೋಮವಾರ ಬೆಳಗ್ಗೆ. ಶನಿವಾರದವರೆಗೆ ಒಳಗೇ ಇದ್ದರು. ಆ ಆರು ದಿನಗಳಲ್ಲಿ ನಾವು ಏನೇನು ಮಾಡಿದೆವು ಎಂದು ಕೇಳಿದರೆ ಹೇಳುವುದಕ್ಕೆ ಬೇಕಾದಷ್ಟಿದೆ. ಮಾಡದೆ ಬಿಟ್ಟದ್ದು ಒಂದೇ ಕೆಲಸ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ.

ಬೀದಿಗೆ ನಮ್ಮ ಬೀಗದ ಅಂಗಡಿ, ಹಿಂದೆ ಮನೆ, ಎರಡರ ನಡುವೆ ಮಾವನ ಕೋಣೆ. ಅಂಗಡಿ ಕೆಲಸ ಬಿಟ್ಟಮೇಲೆ ಅವರು ಆ ಕೋಣೆಗೆ ನಾಲ್ಕು ಬೆರಳು ದಪ್ಪದ ಉಕ್ಕಿನ ಬಾಗಿಲು ಕೂರಿಸಿದರು. ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. "ಕಿಟಕಿ ಇಟ್ಕೊಂಡು ಬಾಗಿಲಿಗೆ ಬೀಗ ಹಾಕೋದು, ಕೊಡೆ ಹಿಡ್ಕೊಂಡು ಸ್ನಾನ ಮಾಡಿದ ಹಾಗೆ" ಎಂಬುದು ಅವರ ವಾದ. ಕೋಣೆಯೊಳಗೆ ಮಂಚ, ಮೇಜು, ಬಚ್ಚಲು, ನಲ್ಲಿ ಎಲ್ಲ ಇವೆ. ಗಾಳಿಗೆಂದು ಬಾಗಿಲ ಮೇಲ್ಭಾಗದಲ್ಲಿ ಒಂದು ಅಡ್ಡ ಸೀಳು ಬಿಟ್ಟಿದ್ದರು, ಬೆರಳು ತೂರುವಷ್ಟು. ಬೀಗ ಅವರ ಸ್ವಂತ ಕೈಯ ಕೆಲಸ. ಹನ್ನೊಂದು ವರ್ಷ ಹಿಡಿಯಿತು. ಪ್ರಪಂಚದಲ್ಲಿ ಅಂಥದ್ದು ಅದೊಂದೇ.

ಸೋಮವಾರ ಬಾಗಿಲು ಎಳೆದುಕೊಂಡಾಗ ಕೀಲಿ ಅವರ ಜೇಬಿನಲ್ಲಿತ್ತು. ಕೀಲಿಯ ತೂತು ಇದ್ದದ್ದು ಹೊರಗಡೆ. ಕೀಲಿಯನ್ನು ಸೀಳಿನಿಂದ ಕೊಡೋಣವೆಂದರೆ ಅದರ ಕಾಂಡವೇ ನನ್ನ ಹೆಬ್ಬೆರಳಿಗಿಂತ ದಪ್ಪ.

"ಅಪ್ಪಾ, ಹೇಗೆ ತೆಗೀಬೇಕು ಹೇಳಿ" ಎಂದು ನನ್ನ ಗಂಡ ಸೀಳಿಗೆ ಬಾಯಿಟ್ಟು ಕೂಗಿದರು.

"ಬರ್ದಿದೀನಲ್ಲ" ಎಂದರು ಒಳಗಿನಿಂದ ಮಾವ.

"ಎಲ್ಲಿ?"

"ಬ್ಲಾಗಲ್ಲಿ. ಒಂದ್ಸಲ ಬರ್ದು ಹೇಳಿದ್ದನ್ನ ಎರಡನೇ ಸಲ ಬಾಯಲ್ಲಿ ಯಾಕೆ ಹೇಳ್ಬೇಕು? ಹುಡುಕಿ."

ಆಮೇಲೆ ಏನು ಕೇಳಿದರೂ ಅದೇ ಉತ್ತರ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಮ್ಮ ಮಾವ. ನಾನು ಮದುವೆಯಾದ ಹೊಸದರಲ್ಲಿ ನಾಲ್ಕನೆಯ ಕಾಲು ತೋರಿಸಲು ನೋಡಿ ಸುಸ್ತಾಗಿ ಬಿಟ್ಟಿದ್ದೆ.

ಬ್ಲಾಗ್ ಅವರದ್ದೇ, ಟೈಪಿಂಗ್ ನನ್ನದು. ಅವರು ಹಾಳೆಯ ಮೇಲೆ ಬರೆಯುತ್ತಾರೆ, ನಾನು ಸಂಜೆ ಟೈಪ್ ಮಾಡಿ, ಒಂದು ಬೀಗದ ಫೋಟೋ ಅಂಟಿಸಿ ಹಾಕುತ್ತೇನೆ. ಮೂರು ವರ್ಷದಲ್ಲಿ ಮುನ್ನೂರ ಹದಿನೆಂಟು ಪೋಸ್ಟ್. ಎಲ್ಲದಕ್ಕೂ ತಲೆಬರಹ ಒಂದೇ: "ಬೀಗದ ಬಗ್ಗೆ ಎರಡು ಮಾತು". ಎಲ್ಲದರ ಮೊದಲ ಪ್ಯಾರಾ ಕೂಡ ಒಂದೇ, ಕಬ್ಬಿಣ ಸುಳ್ಳು ಹೇಳುವುದಿಲ್ಲ ಎಂದು ಶುರುವಾಗಿ ಒಂದು ಪುಟ ಕಬ್ಬಿಣದ ಗುಣಗಾನ. ಎರಡು ಮಾತು ಎಂದವರು ಎರಡು ಸಾವಿರಕ್ಕೆ ಕಡಿಮೆ ಯಾವತ್ತೂ ಬರೆದವರಲ್ಲ.

"ನೀನು ಟೈಪ್ ಮಾಡಿದೀಯಲ್ಲ, ನಿನಗೆ ಗೊತ್ತಿರ್ಬೇಕು" ಎಂದರು ನನ್ನ ಗಂಡ.

ಗೊತ್ತಿಲ್ಲ. ನಾನು ಹದಿಮೂರು ವರ್ಷ ನೋಂದಣಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ಅಲ್ಲಿ ಮೊದಲ ದಿನ ಹೇಳಿಕೊಟ್ಟ ಪಾಠವೇ ಓದಬೇಡ ಎಂಬುದು. ಓದಿದರೆ ಅರ್ಥವಾಗುತ್ತದೆ, ಅರ್ಥವಾದರೆ ಮನಸ್ಸು ಅತ್ತ ಹೋಗುತ್ತದೆ, ಮನಸ್ಸು ಹೋದರೆ ಬೆರಳು ತಪ್ಪುತ್ತದೆ. ಅಕ್ಷರ ಕಣ್ಣಿಗೆ ಬಿದ್ದು ನೇರ ಬೆರಳಿಗೆ ಇಳಿಯಬೇಕು, ನಡುವೆ ತಲೆಗೆ ಕೆಲಸವಿಲ್ಲ. ನಾನು ಟೈಪ್ ಮಾಡಿದ ಪತ್ರಗಳಲ್ಲಿ ಒಂದು ತಪ್ಪನ್ನೂ ಯಾರೂ ಕಂಡುಹಿಡಿದಿಲ್ಲ. ಅವುಗಳಲ್ಲಿ ಏನಿತ್ತು ಎಂದು ನನಗೂ ತಿಳಿದಿಲ್ಲ.

ಹನ್ನೊಂದು ಗಂಟೆಗೆ ತುರ್ತು ಬೀಗ ಸೇವೆಯ ಅಧಿಕಾರಿ ಬಂದರು. ಕೈಯಲ್ಲಿ ಸಲಕರಣೆಯ ಪೆಟ್ಟಿಗೆ, ಎದೆಗೆ ಒಂದು ಟ್ಯಾಬ್ಲೆಟ್ಟು. ಬಾಗಿಲನ್ನು ತಟ್ಟಿ, ಬೀಗವನ್ನು ಮೂಸಿ, ತಲೆಯಾಡಿಸಿದರು.

"ಕಂಪನಿ ಬೀಗ ಅಲ್ಲ ಇದು. ಕಂಪನಿ ಬೀಗ ಅಲ್ಲದಿದ್ರೆ ತೆಗೆಯೋ ವಿಧಾನ ಬಹಿರಂಗವಾಗಿ ಸಿಗ್ಬೇಕು. ನಾನೇ ಸರ್ಚ್ ಮಾಡಿ ನನಗೇ ಸಿಗ್ಬೇಕು. ಇಲ್ಲಾಂದ್ರೆ ನಾನು ಮಾಡೋದು ಕಳ್ಳತನ ಆಗುತ್ತೆ."

"ಮನೆಯವರೇ ತೆಗೀರಿ ಅಂತಿದೀವಲ್ಲ ಸಾರ್" ಎಂದರು ನನ್ನ ಗಂಡ.

"ಕಳ್ಳರೂ ಹಾಗೇ ಅಂತಾರೆ."

"ಒಳಗಿರೋರನ್ನೇ ಕೇಳಿ."

"ಒಳಗಿರೋನೇ ಕಳ್ಳ ಆಗಿದ್ರೆ?"

ಬಾಗಿಲೊಳಗಿನಿಂದ ಮಾವ "ಸರಿಯಾದ ಮಾತು" ಎಂದರು. ಇಬ್ಬರಿಗೂ ಆ ಕ್ಷಣದಿಂದ ಸ್ನೇಹವಾಯಿತು.

ಅಧಿಕಾರಿ ಟ್ಯಾಬ್ಲೆಟ್ಟಿನಲ್ಲಿ ಹುಡುಕಿದರು. ಬ್ಲಾಗಿನ ಮುಖಪುಟ ಬಂತು. ಮಾವ ಕೋಟು ತೊಟ್ಟು ನಿಂತ ಫೋಟೋ, ಕೆಳಗೆ "ಸ್ವಾಗತ". ಬೇರೆ ಬೇರೆ ಪದ ಹಾಕಿ ಹುಡುಕಿದರು. ಪ್ರತಿ ಸಲವೂ ಕೋಟು, ಸ್ವಾಗತ. ಒಂದೇ ಒಂದು ಪೋಸ್ಟು ಬರಲಿಲ್ಲ. ಅವರು ತಮ್ಮ ದಾಖಲೆ ಪುಸ್ತಕದಲ್ಲಿ "ಸಿಕ್ಕಿಲ್ಲ" ಎಂದು ಬರೆದು ಸಹಿ ಹಾಕಿದರು.

"ದಿನಾ ಹತ್ತು ಗಂಟೆಗೆ ಬಂದು ಹುಡುಕ್ತೀನಿ. ಶನಿವಾರದೊಳಗೆ ಸಿಗದಿದ್ರೆ ಭಾನುವಾರ ಗ್ಯಾಸ್ ಕಟ್ಟರ್. ಬೀಗ ಉಳಿಯಲ್ಲ, ಈಗ್ಲೇ ಹೇಳಿದೀನಿ."

ಅವರು ಹೋದಮೇಲೆ ಮಾವ ಸಣ್ಣ ದನಿಯಲ್ಲಿ, "ಕತ್ತರಿಸಿದ್ರೆ ನಾನು ಇನ್ನು ಬೀಗ ಮುಟ್ಟಲ್ಲ ಕಣಮ್ಮ. ಪೆನ್ನೂ ಮುಟ್ಟಲ್ಲ" ಎಂದರು. ಅವರೊಡನೆ ದಿನಕ್ಕೆರಡು ಜಗಳವಾಡುವ ನನಗೂ ಆ ಮಾತು ಸಹಿಸಲಾಗಲಿಲ್ಲ. ಹನ್ನೊಂದು ವರ್ಷದ ಬೀಗ ಅದು. ಆ ಬೀಗ ಉಳಿಸಲೇಬೇಕೆಂದು ಸೆರಗು ಸಿಕ್ಕಿಸಿದೆ.

ಮುನ್ನೂರ ಹದಿನೆಂಟನ್ನೂ ಓದಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ನನ್ನ ಗಂಡನೂ ಕೇಳಿದರು. "ನೀವು ಓದಿ" ಎಂದೆ. ಅವರು ಮೊದಲನೆಯದನ್ನು ತೆರೆದು, ಕಬ್ಬಿಣದ ಗುಣಗಾನದ ಅರ್ಧಕ್ಕೆ ಬಂದು, ಅಂಗಡಿಯಲ್ಲಿ ಗಿರಾಕಿ ಬಂದಂತಿದೆ ಎಂದು ಎದ್ದು ಹೋದರು. ಗಿರಾಕಿ ಯಾರೂ ಬಂದಿರಲಿಲ್ಲ. ಅಲ್ಲದೆ ಓದುವುದೇಕೆ? ಸರ್ಚ್ ಇರುವುದು ಮತ್ತೇಕೆ? ಒಂದು ಸಲ ಪೋಸ್ಟುಗಳೆಲ್ಲ ಅದರ ಪಟ್ಟಿಗೆ ಸೇರಿದರೆ ಒಂದು ಪದ ಹಾಕಿದರೆ ಸಾಕು, ಅಧಿಕಾರಿಗೂ ಸಿಗುತ್ತದೆ, ನಮಗೂ ಸಿಗುತ್ತದೆ. ಹೀಗೆ ನಾನು ಬಹಳ ಬುದ್ಧಿವಂತಿಕೆಯಿಂದ ಯೋಚಿಸಿದೆ.

ಮಧ್ಯಾಹ್ನ ಬ್ಲಾಗಿನ ಒಳಹೊಕ್ಕು ನೋಡಿದೆ. ಪ್ರತಿ ಪೋಸ್ಟಿನ ಕೆಳಗೂ ಒಂದು ಚೌಕ, ಚೌಕದಲ್ಲಿ ಟಿಕ್ಕು: ಈ ಪುಟವನ್ನು ಸರ್ಚಿಗೆ ತೋರಿಸಬೇಡ. ಯಾವ ಅವಿವೇಕಿ ಹಾಕಿದ್ದು ಎಂದು ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಹಾಕಿದ್ದು ನಾನೇ. ಹಾಕಿಸಿದ್ದು ಮಾವ.

"ಮಾವಾ, ಎಲ್ಲಾ ಪೋಸ್ಟಿಗೂ ಬೀಗ ಹಾಕ್ಸಿದೀರಲ್ಲ ನೀವು!"

"ಹೌದು. ಓದೋರು ಮುಂಬಾಗಿಲಿಂದ ಬರ್ಲಿ. ಮುಖಪುಟಕ್ಕೆ ಬಂದು, ನನ್ನ ನೋಡಿ, ಆಮೇಲೆ ಒಳಗೆ ಹೋಗ್ಲಿ. ಸೀದಾ ಅಡುಗೆಮನೆ ಕಿಟಕಿಯಿಂದ ಧುಮುಕೋರು ನೆಂಟರಲ್ಲ."

"ಮೂರು ವರ್ಷದಲ್ಲಿ ಮುಂಬಾಗಿಲಿಗೆ ಯಾರು ಬಂದ್ರು?"

"ನಿನಗ್ಹೇಗೆ ಗೊತ್ತು ಯಾರು ಬಂದ್ರು ಅಂತ?"

"ಲೆಕ್ಕ ತೋರಿಸುತ್ತೆ ಮಾವ. ಹದಿನೇಳು ಜನ. ಅದ್ರಲ್ಲಿ ಹನ್ನೆರಡು ನಾನೇ."

ಒಳಗೆ ಕುರ್ಚಿ ಕಿರುಗುಟ್ಟಿತು. ಕುಗ್ಗಿದ ದನಿಯಲ್ಲಿ "ಟಿಕ್ ತೆಗಿ" ಎಂದರು. ಆ ದನಿ ಕೇಳಿ, ಹದಿನೇಳು ಎನ್ನುವ ಬದಲು ನೂರು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎನ್ನಿಸಿತು.

ಮಂಗಳವಾರ ಪೂರ್ತಿ ಟಿಕ್ ತೆಗೆದೆ. ಒಂದೊಂದೇ ಪೋಸ್ಟ್ ತೆರೆ, ಕೆಳಕ್ಕೆ ಇಳಿ, ಟಿಕ್ ತೆಗೆ, ಉಳಿಸು, ಮುಚ್ಚು. ಹತ್ತು ಗಂಟೆಗೆ ಬಂದ ಅಧಿಕಾರಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಎಲ್ಲಕ್ಕೂ ಒಂದೇ ಹೆಸರಿಟ್ರೆ ಸರ್ಚು ಎಲ್ಲಾ ಒಂದೇ ಪುಟ ಅಂದ್ಕೊಳ್ಳುತ್ತೆ. ಮುನ್ನೂರು ಮಕ್ಕಳಿಗೂ ಒಂದೇ ಹೆಸರಿಟ್ಟು ಕರೆದ್ರೆ ಯಾವನು ಬರ್ತಾನೆ?" ಎಂದರು. ಅವರ ಮಾತು ಸರಿಯಿತ್ತು. ಆದರೆ ಬೇರೆ ಹೆಸರಿಡಬೇಕೆಂದರೆ ಒಳಗೆ ಏನಿದೆ ಎಂದು ತಿಳಿಯಬೇಕು, ತಿಳಿಯಬೇಕೆಂದರೆ ಓದಬೇಕು. ನಾನು ಅದಕ್ಕೂ ದಾರಿ ಕಂಡುಕೊಂಡೆ. ಫೋಟೋ ನೋಡಿ ಹೆಸರಿಟ್ಟೆ. ಉದ್ದ ಕತ್ತಿನ ಹಿತ್ತಾಳೆ ಬೀಗ. ತುಕ್ಕು ಹಿಡಿದ ಸೈಕಲ್ ಬೀಗ. ಹೊಟ್ಟೆ ದಪ್ಪನೆಯ ಪೆಟ್ಟಿಗೆ ಬೀಗ. ಸಂಜೆಯ ಹೊತ್ತಿಗೆ ನನ್ನ ಭಾಷೆ ಬತ್ತಿಹೋಗಿ "ಇನ್ನೊಂದು ಬೀಗ", "ಅದರ ತಮ್ಮ" ಎಂದೆಲ್ಲ ಇಟ್ಟೆ.

ಬುಧವಾರ ಎಲ್ಲ ಪುಟಗಳ ಪಟ್ಟಿಯೊಂದನ್ನು ಮಾಡಿ ಸರ್ಚಿನವರಿಗೆ ಕಳಿಸಿ, ದಯವಿಟ್ಟು ಬಂದು ನೋಡಿ ಎಂದು ಅರ್ಜಿ ಒತ್ತಿದೆ. ಪಟ್ಟಿಯನ್ನು ತೆಗೆದುಕೊಂಡರು. ಒಂದೊಂದು ಪುಟಕ್ಕೆ ಬೇರೆ ಬೇರೆ ಅರ್ಜಿ ಹಾಕಿದರೆ ಬೇಗ ಆಗುತ್ತದಂತೆ, ಆದರೆ ದಿನಕ್ಕೆ ಹತ್ತೇ ಅರ್ಜಿಯಂತೆ. ಹತ್ತು ಹಾಕಿದೆ. ಹತ್ತಕ್ಕೂ ಉತ್ತರ ಬಂತು: ಪುಟವನ್ನು ಕಂಡಿದ್ದೇವೆ, ಸದ್ಯ ಸೇರಿಸಿಲ್ಲ. ಕೆಲಸ ಕೇಳಿಕೊಂಡು ಹೋದವನಿಗೆ "ನೋಡಿದ್ವಿ, ತಿಳಿಸ್ತೀವಿ" ಅಂದ ಹಾಗೆ. ನಾನು ಪರದೆಗೆ ಬೈದೆ. ಅದು ಸುಮ್ಮನಿತ್ತು.

ಮಾವ ಮಾತ್ರ ಒಳಗೆ ಆರಾಮಾಗಿದ್ದರು. ಸೀಳಿನಿಂದ ಬ್ರೆಡ್ಡಿನ ಚೂರು ಒಂದೊಂದಾಗಿ ತೂರಿಸುತ್ತಿದ್ದೆವು, ರಬ್ಬರ್ ಕೊಳವೆಯಲ್ಲಿ ಚಹಾ ಇಳಿಸುತ್ತಿದ್ದೆವು. ಬದಲಿಗೆ ಒಳಗಿನಿಂದ ಹಾಳೆಗಳು ಬರತೊಡಗಿದವು. ಮುನ್ನೂರ ಹತ್ತೊಂಬತ್ತನೆಯ ಪೋಸ್ಟು.

"ಇದನ್ನ ಇವತ್ತೇ ಹಾಕು. ಅರ್ಜೆಂಟು" ಎಂದರು.

"ಮಾವ, ಮನೆಗೆ ಬೆಂಕಿ ಬಿದ್ದಾಗ ನಿಮಗೆ ಬೀಡಿ ಹಚ್ಚೋ ಯೋಚನೆ."

"ಟೈಪ್ ಮಾಡ್ತಾ ಸ್ವಲ್ಪ ನೋಡ್ಕೊಂಡು ಮಾಡಮ್ಮ."

"ನನ್ನ ಟೈಪಿಂಗಲ್ಲಿ ತಪ್ಪು ಹುಡುಕಿದೋರು ಇನ್ನೂ ಹುಟ್ಟಿಲ್ಲ" ಎಂದು ರೇಗಿ, ಇಪ್ಪತ್ತು ನಿಮಿಷದಲ್ಲಿ ಆರು ಹಾಳೆ ಟೈಪ್ ಮಾಡಿ ಹಾಕಿದೆ. ಬಾಗಿಲಿನ ಫೋಟೋ ಅಂಟಿಸಿ "ದೊಡ್ಡ ಬಾಗಿಲು" ಎಂದು ಹೆಸರಿಟ್ಟೆ.

ಗುರುವಾರ ಪಕ್ಕದ ಅಂಗಡಿಯ ಕ್ಷೌರಿಕ ಬಂದ. ಅವನಿಗೂ ಒಂದು ಬ್ಲಾಗಿದೆ, ಕೂದಲು ಉದುರುವುದರ ಬಗ್ಗೆ. ಅದನ್ನು ದಿನಕ್ಕೆ ನಾಲ್ಕು ಸಾವಿರ ಜನ ಓದುತ್ತಾರೆ, ಏಕೆಂದರೆ ಎಲ್ಲರ ಕೂದಲೂ ಉದುರುತ್ತದೆ.

"ಅಕ್ಕಾ, ಅರ್ಜಿ ಹಾಕಿದ್ರೆ ಆಗಲ್ಲ. ಜನ ಓಡಾಡೋ ಜಾಗದಿಂದ ಯಾರಾದ್ರೂ ನಿಮ್ಮ ಕಡೆ ದಾರಿ ತೋರಿಸ್ಬೇಕು. ಆಗ ಸರ್ಚು ಆ ದಾರೀಲಿ ನಡ್ಕೊಂಡು ಬರುತ್ತೆ. ನಾನು ಲಿಂಕ್ ಕೊಡ್ತೀನಿ. ಆದ್ರೆ ನಮ್ಮಲ್ಲಿ ಕೂದಲ ವಿಷಯ ಬಿಟ್ಟು ಬೇರೆ ಹಾಕೋ ಹಾಗಿಲ್ಲ."

"ಬೀಗಕ್ಕೂ ಕೂದಲಿಗೂ ಎಲ್ಲಿಯ ಸಂಬಂಧ?"

ಅವನು ಯೋಚಿಸಿ, ಸೀಳಿಗೆ ಬಾಯಿಟ್ಟು, "ಯಜಮಾನ್ರೇ, ಶೇವಿಂಗ್ ಆಯ್ತಾ?" ಎಂದ. "ನಾಲ್ಕು ದಿನ ಆಯ್ತಪ್ಪ, ಕೆರೀತಿದೆ" ಎಂದರು ಮಾವ. ಅರ್ಧ ಗಂಟೆಯಲ್ಲಿ ಅವನ ಬ್ಲಾಗಿನಲ್ಲಿ ಬಂತು: ನಮ್ಮ ನೆರೆಯ ಹಿರಿಯರೊಬ್ಬರು ಯಾಕೆ ನಾಲ್ಕು ದಿನದಿಂದ ಕ್ಷೌರ ಮಾಡಿಸಿಕೊಂಡಿಲ್ಲ, ಕಾರಣಗಳು ಇಲ್ಲಿವೆ. ಕೆಳಗೆ ಮುನ್ನೂರ ಹತ್ತೊಂಬತ್ತು ಕಾರಣಗಳ ಪಟ್ಟಿ, ಒಂದೊಂದು ನಂಬರೂ ನಮ್ಮ ಒಂದೊಂದು ಪೋಸ್ಟಿಗೆ ಲಿಂಕು.

ಶುಕ್ರವಾರ ಹತ್ತಕ್ಕೆ ಅಧಿಕಾರಿ ಹುಡುಕಿದಾಗ ಕೋಟಿನ ಫೋಟೋದ ಕೆಳಗೆ ಮೂರು ಹೊಸ ಸಾಲು! ತುಕ್ಕು ಹಿಡಿದ ಸೈಕಲ್ ಬೀಗ, ಹೊಟ್ಟೆ ದಪ್ಪನೆಯ ಪೆಟ್ಟಿಗೆ ಬೀಗ, ಅದರ ತಮ್ಮ. ನಾನು ಕುಣಿದೇಬಿಟ್ಟೆ. ಅಧಿಕಾರಿಯೂ ಕುಣಿಯುವವರಿದ್ದರು, ಪೆಟ್ಟಿಗೆ ಕೈಯಲ್ಲಿತ್ತು. ನಮ್ಮ ಬೀಗ ಮಾತ್ರ ಬಂದಿರಲಿಲ್ಲ. ಪುಸ್ತಕದಲ್ಲಿ ಮತ್ತೆ "ಸಿಕ್ಕಿಲ್ಲ".

ಮಧ್ಯಾಹ್ನ ಅಂಗಡಿಗೆ ಒಂದು ಫೋನು ಬಂತು. ಯಾರೋ ಗುರುತಿಲ್ಲದವನು, ದೂರದಿಂದ.

"ನಮ್ಮಜ್ಜಿ ಪೆಟ್ಟಿಗೆ ಇಪ್ಪತ್ತು ವರ್ಷದಿಂದ ತೆಗೆಯೋಕೆ ಆಗಿರ್ಲಿಲ್ಲ ಮೇಡಂ. ನಿಮ್ಮ ಎಂಬತ್ತೇಳನೇದು ಓದಿ ತೆಗೆದೆ. ಅಜ್ಜಿ ಅಳ್ತಿದಾರೆ. ಒಂದು ಡೌಟು. ಕೊನೇಲಿ ನೀರು ತಾ ಅಂತ ಇದೆಯಲ್ಲ, ಅದು ಬೀಗ ತೆಗೆಯೋಕೆ ಮುಂಚೆ ತರ್ಬೇಕಾ, ಆಮೇಲಾ? ನಾನು ಎರಡು ಸಲಾನೂ ತಂದಿಟ್ಟೆ."

"ಏನೋ ತಪ್ಪಾಗಿ ಟೈಪ್ ಆಗಿರ್ಬೇಕು" ಎಂದು ಫೋನಿಟ್ಟೆ. ನನ್ನ ಬಾಯಿಂದ ಆ ಮಾತು ಹೊರಟಿದ್ದು ಅದೇ ಮೊದಲು, ಆದರೆ ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಓಡಿಹೋಗಿ ಸೀಳಿನಲ್ಲಿ ಸುದ್ದಿ ಹೇಳಿದೆ.

ಮಾವ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಪೂರ್ತಿ ಓದಿದ್ನಂತಾ?"

"ಪೂರ್ತಿ ಓದಿದಾನೆ ಮಾವ."

"ಕಬ್ಬಿಣದ ಪ್ಯಾರಾ?"

"ಅದನ್ನೂ."

"ಪುಣ್ಯಾತ್ಮ" ಎಂದರು.

ಶನಿವಾರ ಹತ್ತು ಗಂಟೆ. ಗ್ಯಾಸ್ ಕಟ್ಟರಿನ ಗಾಡಿಗೆ ಹೇಳಿಯಾಗಿದೆ ಎಂದು ಅಧಿಕಾರಿ ಮುಖ ಸಣ್ಣದು ಮಾಡಿಕೊಂಡು ಬಂದರು. ಅವರಿಗೂ ಈ ಬೀಗದ ಮೇಲೆ ಮಮತೆ ಹುಟ್ಟಿತ್ತು. ಕ್ಷೌರಿಕ ಕತ್ತರಿ ಸಮೇತ ಬಂದು ನಿಂತ. ನನ್ನ ಗಂಡ ಬಾಗಿಲಿಗೆ ಅಂಗೈ ಒತ್ತಿಕೊಂಡು ನಿಂತಿದ್ದರು. ಅಧಿಕಾರಿ ಟೈಪ್ ಮಾಡಿದರು: ಉಕ್ಕಿನ ಬಾಗಿಲ ಒಳಗೆ ಸಿಕ್ಕಿಹಾಕಿಕೊಂಡರೆ.

ಬಂತು. ಎರಡು ಬಂದವು. ಮೊದಲನೆಯದು ಇನ್ನೂರ ಹನ್ನೆರಡನೆಯದು. ಎರಡನೆಯದು "ದೊಡ್ಡ ಬಾಗಿಲು". ಬುಧವಾರ ನಾನೇ ಇಪ್ಪತ್ತು ನಿಮಿಷದಲ್ಲಿ ಹಾಕಿದ್ದು.

ಅಧಿಕಾರಿ ಗಂಟಲು ಸರಿಮಾಡಿಕೊಂಡು ಇನ್ನೂರ ಹನ್ನೆರಡನ್ನು ಗಟ್ಟಿಯಾಗಿ ಓದಿದರು. "ಈ ಬೀಗದ ಹಿಂದೆ ಯಾರೂ ಸಿಕ್ಕಿಬೀಳಲಾರರು. ಒಳಗಿರುವವರು ಬಾಗಿಲ ಹಿಡಿಯನ್ನು ಮೇಲಕ್ಕೆತ್ತಿ ಎಡಕ್ಕೆ ಸರಿಸಿದರೆ ಕೀಲಿಯಿಲ್ಲದೆಯೇ ತೆರೆಯುತ್ತದೆ. ಹೊರಗಿನವನನ್ನು ತಡೆಯುವುದು ಬೀಗ, ಒಳಗಿನವನನ್ನು ತಡೆಯುವುದು ಜೈಲು."

ಅಧಿಕಾರಿ ಬೆರಳಿನಿಂದ ಎರಡನೆಯದನ್ನು ತೆರೆದು, ಕಬ್ಬಿಣದ ಪ್ಯಾರಾ ದಾಟಿಸಿ ಓದಿದರು. "ನಾನು ಒಳಗಿದ್ದೇನೆ. ಆರಾಮಾಗಿದ್ದೇನೆ. ಹಿಡಿ ಎತ್ತಿದರೆ ಈಗಲೇ ಹೊರಗೆ ಬರಬಲ್ಲೆ. ಯಾರಾದರೂ ಇದನ್ನು ಓದಿ, ಹಿಡಿ ಎತ್ತಿ ಬನ್ನಿ ಮಾವ ಎಂದು ಒಂದು ಮಾತು ಹೇಳಿದರೆ ಬರುತ್ತೇನೆ." ಓದುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. "ಇನ್ನೂ ಒಂದು ಸಾಲಿದೆ. ಎರಡರಲ್ಲೂ ಇದೆ. 'ಸೊಸೆ, ಇಲ್ಲಿಯವರೆಗೆ ಓದಿದ್ದರೆ ನನಗೊಂದು ಲೋಟ ನೀರು ತಾ' ಅಂತ. ಸೊಸೆ ಅಂದ್ರೆ ನೀವೇನಾ?"

ಕ್ಷೌರಿಕ ಮೆಲ್ಲಗೆ, "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ" ಎಂದ. ನಾನು ಅವನನ್ನು ಸುಟ್ಟುಹಾಕುವ ಹಾಗೆ ನೋಡಿದೆ. ಆಮೇಲೆ ಸೀಳಿನ ಹತ್ತಿರ ಹೋದೆ.

"ಹಿಡಿ ಎತ್ತಿ ಬನ್ನಿ ಮಾವ."

ಟಕ್ ಎಂದಿತು. ಆರು ದಿನ ನಾವು ತಳ್ಳಿ, ಜಗ್ಗಿ, ಬೈದ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಮಾವ ಗಡ್ಡ ಕೆರೆದುಕೊಳ್ಳುತ್ತ ಹೊರಗೆ ಬಂದರು. ಅಧಿಕಾರಿ ಪುಸ್ತಕ ತೆಗೆದು "ಸಿಕ್ಕಿತು" ಎಂದು ಬರೆದು, ಬೀಗಕ್ಕೊಂದು ನಮಸ್ಕಾರ ಹಾಕಿದರು.

"ನಾಳೆ ಕತ್ತರಿಸೋಕೆ ಬಂದಿದ್ರೆ ಏನ್ಮಾಡ್ತಿದ್ರಿ?" ಎಂದು ನಾನು ಕಿರುಚಿದೆ. ಕೋಪ ಬಂದಿತ್ತು, ಅಳುವೂ ಬಂದಿತ್ತು, ಯಾವುದು ಮುಂದೆ ಯಾವುದು ಹಿಂದೆ ಹೇಳಲಾರೆ.

"ಹಿಡಿ ಎತ್ತಿ ಬರ್ತಿದ್ದೆ. ನಾನೇನು ಹುಚ್ಚನಾ?" ಎಂದರು. ಆಮೇಲೆ ನನ್ನ ಕಡೆ ನೋಡದೆ, "ನಿಜವಾಗ್ಲೂ ಸೋಮವಾರ ಒಂದೇ ದಿನ ಅಂದ್ಕೊಂಡಿದ್ದೆ ಕಣಮ್ಮ. ಟೈಪ್ ಮಾಡಿದ ಕೈ ನಿಂದೇ ಅಲ್ವಾ. ಸಂಜೆಯೊಳಗೆ ನೀನೇ ಹೇಳ್ತೀಯ ಅಂತ ಕೂತಿದ್ದೆ" ಎಂದರು. ಕ್ಷೌರಿಕ ಅವರನ್ನು ಕುರ್ಚಿಗೆ ಕರೆದುಕೊಂಡು ಹೋದ.

ನಾನು ಕಂಪ್ಯೂಟರಿನ ಮುಂದೆ ಕುಳಿತು ಸರ್ಚಿನಲ್ಲಿ "ಸೊಸೆ, ಒಂದು ಲೋಟ ನೀರು" ಎಂದು ಹಾಕಿದೆ. ಪುಟದ ಮೇಲೆ ಪುಟ ಬಂತು. ಉದ್ದ ಕತ್ತಿನ ಹಿತ್ತಾಳೆ ಬೀಗ. ಇನ್ನೊಂದು ಬೀಗ. ಇನ್ನೂ ಇನ್ನೊಂದು ಬೀಗ. ಎಲ್ಲದರ ಕೊನೆಗೂ ಅದೇ ಸಾಲು. ಮೂರು ವರ್ಷ, ಒಂದಕ್ಷರ ತಪ್ಪಿಲ್ಲದೆ, ನನ್ನ ಬೆರಳಿನಿಂದಲೇ. ಅವರು ಅಷ್ಟು ಸಲ ಬಾಯಾರಿ ಕೂತಿದ್ದರು, ನಾನು ಅದನ್ನು ಟೈಪ್ ಮಾಡಿ, ಉಳಿಸಿ, ದೀಪ ಆರಿಸಿ ಎದ್ದು ಹೋಗಿದ್ದೆ.

ಸರ್ಚನ್ನು ಮುಚ್ಚಿದೆ. ಮುಖಪುಟಕ್ಕೆ ಹೋದೆ, ಕೋಟು ತೊಟ್ಟ ಮಾವನನ್ನು ನೋಡಿದೆ, ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ಮೊದಲನೆಯ ಪೋಸ್ಟ್ ತೆರೆದೆ. ಕಬ್ಬಿಣದ ಪ್ಯಾರಾ ಬಿಡದೆ ಓದಿದೆ. ಉದ್ದವಾಯಿತು, ಆದರೆ ಕೆಟ್ಟದಾಗಿಲ್ಲ. ಕೊನೆಯ ಸಾಲಿಗೆ ಬಂದಮೇಲೆ ಎದ್ದು ಅಡುಗೆಮನೆಗೆ ಹೋದೆ.

ಮಾವ ನುಣ್ಣಗೆ ಗಡ್ಡ ಹೆರೆಸಿಕೊಂಡು ತಮ್ಮ ಮೇಜಿನ ಮುಂದೆ ಕುಳಿತಿದ್ದರು, ಬಾಗಿಲು ಪೂರ್ತಿ ತೆರೆದಿತ್ತು. ನೀರಿನ ಲೋಟ ಮುಂದೆ ಹಿಡಿದೆ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು.

"ಎಷ್ಟನೇದು?"

"ಒಂದನೇದು" ಎಂದೆ.

ಗಟಗಟನೆ ಕುಡಿದರು. ಖಾಲಿ ಲೋಟ ತೆಗೆದುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ.

"ಇದು ಇಲ್ಲೇ ಇರ್ಲಿ, ಮತ್ತೆ ಮತ್ತೆ ಯಾಕೆ ಹೊತ್ಕೊಂಡು ಓಡಾಡ್ತೀಯ. ಮುಂದಿನ ಸಲ ತಂಬಿಗೇಲಿ ನೀರು ತಗೊಂಬಾ" ಎಂದರು.